ಎತ್ತರದ ಕುರ್ಚಿ

ಬೆಂಚಿನ ಮೇಲೆ ಹೇಗೆ ಕೂರಬೇಕೆಂಬುದೇ ಬೆಳ್ಯಪ್ಪನಿಗೆ ಮರೆತುಹೋಗಿತ್ತು. ಮರದಿಂದ ಬಿದ್ದ ಮೇಲಿನ ಎರಡು ವರ್ಷಗಳಲ್ಲಿ ಅವನ ಮೈಗೆ ಕೂರುವ ಒಂದು ರೀತಿ ಬಂದುಬಿಟ್ಟಿತ್ತು: ಬಲಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಎಡಗಡೆಗೆ ಹಾಕಿ, ಊರುಗೋಲನ್ನು ಎದೆಗೆ ಒರಗಿಸಿಕೊಂಡು ಕೂರುವುದು. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋವೇ ಕಲಿಸಿತ್ತು. ಈಗ ನೋವಿರಲಿಲ್ಲ. ನೋವಿಲ್ಲದ ಕಾಲನ್ನು ನೋವಿರುವ ಹಾಗೆ ಇಟ್ಟುಕೊಳ್ಳುವುದು ಎಂಥ ಬೇಸರದ ಕೆಲಸವೆಂದು ಅವನು ಈ ವಾರದಲ್ಲಿ ಕಂಡುಕೊಂಡಿದ್ದ. ಸ್ವಲ್ಪ ಮೈಮರೆತರೆ ಸಾಕು, ಕಾಲು ತಾನಾಗಿ ಮಡಚಿಕೊಂಡು ಬೆಂಚಿನ ಕೆಳಗೆ ಸೇರಿಬಿಡುತ್ತಿತ್ತು. ಸುಂಟಿಕೊಪ್ಪದ ಶಿವಶಂಕರಪ್ಪ ಡಾಕ್ಟರ ಷಾಪಿನಲ್ಲಿ ಅಂದು ಎಸ್ಟೇಟಿನ ಕೂಲಿ ಲೈನುಗಳಿಂದ ಬಂದ ಹೆಂಗಸರು ತುಂಬಿದ್ದರು. ನಾಳೆ ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ, ಡಾಕ್ಟರು ಸಿಗುವುದಿಲ್ಲವೆಂದು ಎಲ್ಲರೂ ಇವತ್ತೇ ಬಂದಿದ್ದರು. ಎದುರಿಗೆ ಕೂತ ಒಬ್ಬ ಮುದುಕಿ ಅವನ ಕಾಲನ್ನೇ ನೋಡುತ್ತಿದ್ದಳು. ಅವನು ತಟ್ಟನೆ ಕಾಲು ಚಾಚಿದ. ಮುದುಕಿ ಅಯ್ಯೋ ಪಾಪ ಎನ್ನುವಂತೆ ನಾಲಿಗೆಯಿಂದ ಲೊಚಗುಟ್ಟಿದಳು. ಅವನಿಗೆ ಎದ್ದು ಹೊರಟುಬಿಡೋಣ ಅನ್ನಿಸಿತು, ಆದರೆ ಎದ್ದರೆ ಕುಂಟಬೇಕಿತ್ತು.

ಹೋದ ಶುಕ್ರವಾರ ಇದೇ ಕೋಣೆಯ ಪರದೆಯ ಹಿಂದೆ ಅವನನ್ನು ಮಲಗಿಸಿದ್ದರು. ಸ್ಪಿರಿಟ್ ಸ್ಟೌವಿನ ಮೇಲೆ ಕುದಿಯುತ್ತಿದ್ದ ಗಾಜಿನ ಸಿರಿಂಜು, ದಬ್ಬಳದಷ್ಟು ಉದ್ದದ ಸೂಜಿ, ಸೊಂಟದ ಕೀಲನ್ನು ಹುಡುಕುತ್ತ ತೊಡೆಯ ಸಂದಿಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದ ಡಾಕ್ಟರ ಹೆಬ್ಬೆರಳು. ಬಿದ್ದ ವರ್ಷವೇ ಮಂಗಳೂರಿನ ಆಸ್ಪತ್ರೆಯಲ್ಲಿ ಕೀಲು ತೆರೆದು, ಸೀಳಿದ ಕಾಫಿ ಬೀಜದಂಥ ಒಂದು ಮೂಳೆಯ ಚೂರನ್ನು ತೆಗೆದಿದ್ದರು. ಚೂರು ತೆಗೆದ ಮೇಲೆ ನೋವು ಹೋಗಬೇಕಿತ್ತು. ಹೋಗಲಿಲ್ಲ. ಕಟ್ಟು ಬಿಚ್ಚಿದ ಮೇಲೂ, ಗಾಯ ಮಾಗಿ ಹೊಲಿಗೆಯ ಗುರುತು ಬೆಳ್ಳಗಾದ ಮೇಲೂ, ಒಳಗೆ ಯಾರೋ ತುಕ್ಕು ಹಿಡಿದ ತಿರುಪನ್ನು ತಿರುಗಿಸುತ್ತಲೇ ಇದ್ದರು. ಅದಕ್ಕೇ ಈ ಹೊಸ ಮದ್ದು, ಹೈಡ್ರೋಕಾರ್ಟಿಸೋನು, ನೇರ ಕೀಲಿನೊಳಕ್ಕೆ. ಸೂಜಿ ಇಳಿದಾಗ ಅವನು ಮಂಚದ ಕಬ್ಬಿಣವನ್ನು ಹಿಡಿದು ಗೋಡೆಯ ಮೇಲಿನ ಔಷಧಿ ಕಂಪನಿಯ ಕ್ಯಾಲೆಂಡರನ್ನು ನೋಡುತ್ತಿದ್ದ. ಮಾರನೆಯ ಬೆಳಿಗ್ಗೆ ಏಳುವಾಗ ಎಂದಿನಂತೆ ಹಲ್ಲು ಕಚ್ಚಿ ಸಿದ್ಧನಾಗಿ ಕಾಲನ್ನು ಮಂಚದಿಂದ ಕೆಳಗಿಟ್ಟ. ಏನೂ ಆಗಲಿಲ್ಲ. ಕಚ್ಚಿದ ಹಲ್ಲು ಕಚ್ಚಿದಂತೆಯೇ ಉಳಿಯಿತು. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲು ಹಾಕಿದವನಿಗೆ ಸಮನೆಲ ಸಿಕ್ಕ ಹಾಗೆ.

ಆಗ ಅವನಿಗೆ ಮೊದಲು ಬಂದದ್ದು ಸಂತೋಷವಲ್ಲ, ಕೈಲ್ ಮುಹೂರ್ತಕ್ಕೆ ಇನ್ನೆಷ್ಟು ದಿನ ಎಂಬ ಲೆಕ್ಕ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

"ಹೆಂಗಿದೆ ಮೇಷ್ಟ್ರೇ? ಹಿಡೀತಾ ಮದ್ದು?" ಡಾಕ್ಟರು ಪರದೆ ಸರಿಸಿ ಕೇಳಿದರು. ಶನಿವಾರಸಂತೆ ಕಡೆಯ ಮಾತು ಅವರದು, ಕೇಳುವುದರೊಳಗೇ ಅರ್ಧ ಸಮಾಧಾನ ಇರುತ್ತಿತ್ತು.

"ಇಲ್ಲ ಡಾಕ್ಟ್ರೇ."

"ಏನೂ ಇಲ್ವಾ? ಒಂದು ದಿನಾನೂ?"

"ಮೊದಲು ಸ್ವಲ್ಪ ಹಗುರ ಅನ್ನಿಸ್ತು. ಆಮೇಲೆ ಹಂಗೇ."

ಡಾಕ್ಟರು ಅವನ ಮೊಣಕಾಲು ಹಿಡಿದು ಮೇಲಕ್ಕೆ ಮಡಚತೊಡಗಿದರು. ಎಲ್ಲಿ ಮುಖ ಹಿಂಡಬೇಕು? ಮೊದಲೆಲ್ಲ ಎಲ್ಲಿ ಹಿಂಡುತ್ತಿದ್ದ? ನೋವಿರುವಾಗ ಅವನು ಅದರ ಜಾಗವನ್ನು ನೋಡಿಟ್ಟುಕೊಂಡಿರಲಿಲ್ಲ. ಕಾಲು ಇನ್ನೂ ಸ್ವಲ್ಪವೇ ಎದ್ದಿರುವಾಗ ಅವನು "ಆ" ಎಂದ. ಡಾಕ್ಟರು ನಿಂತರು, ಅವನ ಮುಖ ನೋಡಿದರು, ಮತ್ತೆ ಕಾಲನ್ನು ನೋಡಿದರು.

"ಇಷ್ಟು ಬೇಗ? ಹೋದ್ಸಲ ಇನ್ನೂ ಮೇಲಕ್ಕೆ ಬರ್ತಿತ್ತಲ್ರೀ."

ಅವನು ಕ್ಯಾಲೆಂಡರನ್ನು ನೋಡಿದ. ಡಾಕ್ಟರು ಕೈ ತೊಳೆದು, ಒರೆಸಿಕೊಳ್ಳುತ್ತ, ಅವರಿಗೂ ಬೇಸರವಾದವರಂತೆ ಹೇಳಿದರು: "ನೋಡಿ, ಇದು ಹಿಡಿದಿದ್ರೆ ದಾರಿ ಇತ್ತು. ನೋವು ಕಡಿಮೆ ಇದ್ದಾಗ ಕಾಲಿಗೆ ವ್ಯಾಯಾಮ ಮಾಡಿಸೋದು, ನೋವು ಬಂದಾಗ ಇನ್ನೊಂದು ಸೂಜಿ, ಹಿಂಗೆ ವರ್ಷಗಟ್ಟಲೆ ಕಾಲ ಹಾಕಬೋದಿತ್ತು. ಹಿಡೀಲಿಲ್ಲ ಅಂದ್ರೆ ಉಳಿದಿರೋದು ಒಂದೇ. ಕೀಲನ್ನ ಕೂಡಿಸಿಬಿಡೋದು."

"ಕೂಡಿಸೋದು ಅಂದ್ರೆ?"

"ಮೂಳೆಗೆ ಮೂಳೆ ಹತ್ತೋ ಹಂಗೆ ಮಾಡೋದು. ತಿಂಗಳಾನುಗಟ್ಟಲೆ ಪ್ಲಾಸ್ಟರ್ ಹಾಕಿ ಮಲಗಿಸ್ತಾರೆ. ಆಮೇಲೆ ನೋವೇ ಇರಲ್ಲ. ಆದ್ರೆ ಆ ಕಾಲು ಅಲ್ಲಿಂದ ಬಗ್ಗಲ್ಲ. ಯಾವತ್ತೂ ಬಗ್ಗಲ್ಲ. ಕುರ್ಚಿ ಮೇಲೂ ಓರೆಯಾಗಿ ಕೂರಬೇಕು. ಹಬ್ಬ ಮುಗಿಸ್ಕೊಂಡು ಸೋಮವಾರ ಬನ್ನಿ. ಮನೇಲಿ ಕೇಳಿ ಹೇಳಿ, ಮಂಗಳೂರಿಗೆ ತಂತಿ ಕೊಡ್ತೀನಿ."

ಯಾವತ್ತೂ ಬಗ್ಗಲ್ಲ. ಹೊರಗೆ ರಸ್ತೆಗೆ ಇಳಿದಾಗಲೂ ಆ ಮಾತು ಅವನ ಜೊತೆಗೇ ಇಳಿಯಿತು. ಭಯವಾಗಬೇಕಿತ್ತು, ಆಯಿತು ಕೂಡ. ಆದರೆ ಭಯದ ತಳದಲ್ಲಿ, ಬಾವಿಯ ತಳದ ನೀರಿನಂತೆ, ಇನ್ನೇನೋ ಮಿನುಗುತ್ತಿತ್ತು. ಯಾವತ್ತೂ ಬಗ್ಗದ ಕಾಲು. ಹಾಗಾದರೆ ಯಾರೂ ಯಾವತ್ತೂ ಬಗ್ಗೆಂದು ಹೇಳುವ ಹಾಗೇ ಇಲ್ಲ. ಥೂ, ಎಂದುಕೊಂಡ. ಬಿ.ಎ. ಪಾಸು ಮಾಡಿದವನು, ಮಕ್ಕಳಿಗೆ ಚರಿತ್ರೆ ಹೇಳಿಕೊಡುವವನು, ಹಬ್ಬದ ದಿನದ ಒಂದು ಕ್ಷಣದ ನಮಸ್ಕಾರ ತಪ್ಪಿಸಿಕೊಳ್ಳಲಿಕ್ಕೆ ತನ್ನ ಕಾಲನ್ನೇ ಮರದ ಕೊರಡು ಮಾಡಿಸಿಕೊಳ್ಳಲು ಹೊರಟಿದ್ದಾನೆ. ಇಷ್ಟು ಸ್ಪಷ್ಟವಾಗಿ ತನಗೆ ತಾನೇ ಹೇಳಿಕೊಂಡರೂ ಅವನು ಹಿಂತಿರುಗಿ ಡಾಕ್ಟರ ಬಳಿಗೆ ಹೋಗಲಿಲ್ಲ. ಮನೆಯ ದಾರಿಯಲ್ಲಿದ್ದ ಬಸ್ ನಿಲ್ದಾಣದ ಕಡೆಗೆ ಕುಂಟುತ್ತ ನಡೆದ. ಅಲ್ಲಿ ಎಲ್ಲರಿಗೂ ಅವನ ಪರಿಚಯ.

ಗುರುವಪ್ಪ ಅವನಿಗೆ ಚಿಕ್ಕಪ್ಪ, ಅಜ್ಜನ ಕೊನೆಯ ಮಗ. ಅಜ್ಜನಿಗೆ ಮುದಿಪ್ರಾಯದಲ್ಲಿ ಹುಟ್ಟಿದವನು, ಬೆಳ್ಯಪ್ಪನಿಗಿಂತ ಆರು ವರ್ಷ ಚಿಕ್ಕವನು. ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಂಗಳದಲ್ಲಿ ಮೂಗು ಸುರಿಸುತ್ತ ಓಡಾಡುತ್ತಿದ್ದ ಅವನನ್ನು ಬೆಳ್ಯಪ್ಪ ಗುರು ಎಂದೇ ಕರೆಯುತ್ತಿದ್ದ. ಲೆಕ್ಕ ತಪ್ಪಿದರೆ ತಲೆಗೆ ಮೊಟಕುತ್ತಿದ್ದ. ನೆಲ್ಯಹುದಿಕೇರಿಯ ಇಳಿಜಾರಿನಲ್ಲಿ ಬಾಡಿಗೆ ಸೈಕಲ್ಲಿನ ಮೇಲೆ ಕೂರಿಸಿ ತುಳಿಯಲು ಕಲಿಸಿದವನೂ ಬೆಳ್ಯಪ್ಪನೇ. ಒಂದು ಹುತ್ತರಿ ಹಬ್ಬದ ಬೆಳಿಗ್ಗೆ ಅಜ್ಜಿ ಅವನ ಬೆನ್ನ ಮೇಲೆ ಬಾರಿಸಿ "ಚಿಕ್ಕಪ್ಪನ ಹೆಸ್ರ್ ಹಿಡ್ದ್ ಕರೆಯೋದಾ? ಕಾಲ್ ಹಿಡಿ" ಎಂದಳು. ತಮಾಷೆಯೆಂದುಕೊಂಡು ಬಗ್ಗಿ ಹಿಡಿದ. ಗುರು ಕಿಲಕಿಲ ನಕ್ಕು ಓಡಿಹೋದ. ಅಪ್ಪ, ದೊಡ್ಡಪ್ಪಂದಿರು ಇರುವವರೆಗೂ ಆ ಸಾಲಿನಲ್ಲಿ ಅದೊಂದು ಕೊನೆಯ ತಮಾಷೆಯಾಗಿ ಉಳಿದಿತ್ತು. ಆಮೇಲೆ ಒಬ್ಬೊಬ್ಬರಾಗಿ ಹೋದರು. ಎಸ್ಸೆಸ್ಸೆಲ್ಸಿ ಮುಗಿಸದ, ಕೋವಿ ಹಿಡಿದರೆ ಗುರಿ ತಪ್ಪದ, ಕಾಫಿ ಪಿಕಿಂಗಿಗೆ ಆಳು ಒಟ್ಟುಮಾಡುವುದರಲ್ಲಿ ಎತ್ತಿದ ಕೈಯಾದ ಗುರುವಪ್ಪ ಮನೆಯ ಯಜಮಾನನಾದ. ಹಬ್ಬಕ್ಕೆ, ಮದುವೆಗೆ, ಸಾವಿಗೆ, ಹಿರಿಯರ ದೀಪದ ಮುಂದೆ ನಿಂತು ಎಲ್ಲರಿಂದ ಕಾಲು ಹಿಡಿಸಿಕೊಳ್ಳುವವನು ಅವನು. ಬಗ್ಗಿ ಮೂರು ಸಲ ಪಾದ ಮುಟ್ಟಿ ಮೂರು ಸಲ ಹಣೆಗೆ ಮುಟ್ಟಿಸಿಕೊಳ್ಳಬೇಕು. ಮೂರನೆಯ ಸಲ ಏಳುವಾಗ ಗುರುವಪ್ಪನ ಕೈ ತಲೆಯ ಮೇಲೆ ಇರುತ್ತಿತ್ತು. ಆ ಕೈಯ ತೂಕ. ಬೆಳ್ಯಪ್ಪನಿಗೆ ಕೂದಲು ಉದುರಿದ್ದ ಜಾಗದಲ್ಲೇ ಅದು ಕೂರುತ್ತಿತ್ತು.

ಆ ಕೈ ಎಂದೂ ಸೊಕ್ಕು ತೋರಿಸಿರಲಿಲ್ಲ, ಅದೇ ಅವನ ಕಷ್ಟ. ಸೊಕ್ಕು ಇದ್ದಿದ್ದರೆ ದ್ವೇಷಿಸಲು ಸುಲಭವಾಗುತ್ತಿತ್ತು. ಎರಡು ವರ್ಷದ ಹಿಂದಿನ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಮರದ ತುದಿಯಲ್ಲಿ ಕಾಯಿ ಕಟ್ಟಬೇಕಿತ್ತು. ಕಟ್ಟುವ ಆಳು ಕಾಳ ಅಷ್ಟು ಹೊತ್ತಿಗಾಗಲೇ ಕುಡಿದು ಮಲಗಿದ್ದ. ಯಾರೂ ಹೇಳಲಿಲ್ಲ, ಬೆಳ್ಯಪ್ಪ ತಾನೇ ಹತ್ತಿದ. ಗುರಿಯಲ್ಲಿ ಸೋಲುವವನು ಹತ್ತುವುದರಲ್ಲಾದರೂ ಗೆಲ್ಲಲಿ ಎಂದಿರಬೇಕು. ಕೊಂಬೆ ಮುರಿಯಿತು. ಅವನನ್ನು ಬೆನ್ನ ಮೇಲೆ ಹೊತ್ತು ಜೀಪಿನವರೆಗೆ ಓಡಿದವನು ಗುರುವಪ್ಪ. ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ನೆಲದ ಮೇಲೆ ಮಲಗಿದವನೂ ಅವನೇ. ಆ ನೋವಿನ ನಡುವೆಯೂ, ಬೆನ್ನ ಮೇಲೆ ಜೋತಾಡುತ್ತಿರುವಾಗಲೂ, ಬೆಳ್ಯಪ್ಪನಿಗೆ ತಾನೀಗ ಇವನ ಹೆಗಲ ಮೇಲಿದ್ದೇನೆ, ಇವನಿಗಿಂತ ಎತ್ತರದಲ್ಲಿದ್ದೇನೆ ಎಂಬ ವಿಚಾರ ಹೊಳೆದಿತ್ತು. ಇಂಥ ವಿಚಾರಗಳನ್ನು ಅವನು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷದ ಹಬ್ಬದಲ್ಲಿ ಅವನು ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತು ಕೈ ಮುಗಿದಿದ್ದ. "ನೀ ಏಳ್ಬೇಡ, ನೀ ಏಳ್ಬೇಡ" ಎನ್ನುತ್ತ ಗುರುವಪ್ಪನೇ ಅವನ ಬಳಿಗೆ ನಡೆದು ಬಂದು, ಬಗ್ಗಿ, ಹಣೆಗೆ ಗಂಧವಿಟ್ಟು, ಹೂವು ಸಿಕ್ಕಿಸಿದ ಕೋವಿಯನ್ನು ತೊಡೆಯ ಮೇಲಿಟ್ಟ. ಯಜಮಾನನೇ ಬಗ್ಗಿದ್ದ. ಬದುಕಿನಲ್ಲಿ ಬೆಳ್ಯಪ್ಪ ಸುಖದಿಂದ ಕಳೆದ ಕೈಲ್ ಮುಹೂರ್ತ ಅದೊಂದೇ. ಸೊಂಟದ ಒಳಗೆ ತಿರುಪು ತಿರುಗುತ್ತಲೇ ಇತ್ತು, ಅವನು ನಗುನಗುತ್ತ ಕಡುಬು, ಹಂದಿ ಸಾರು ಉಂಡಿದ್ದ.

"ಓಯ್ ಮೇಷ್ಟ್ರೆ."

ಬಸ್ ನಿಲ್ದಾಣದ ಎದುರು ಜೀಪು ನಿಂತಿತ್ತು. ಗುರುವಪ್ಪ ಒಂದು ಕೈಯಲ್ಲಿ ತೋಟಾಗಳ ಪೊಟ್ಟಣ ಹಿಡಿದು ಇಳಿದು ಬರುತ್ತಿದ್ದ. ಅವನು ಮೇಷ್ಟ್ರೆ ಎಂದು ಕರೆಯುವುದು ಬೈಗುಳವೂ ಅಲ್ಲ, ಗೌರವವೂ ಅಲ್ಲ, ಒಂದು ಸಲಿಗೆ.

"ಎಂತ ಹೇಳ್ತ್ ಡಾಕ್ಟ್ರ್? ಸೂಜಿ ಹಿಡಿತಾ?"

"ಇಲ್ಲೆ ಚಿಕ್ಕಪ್ಪ."

"ಎಂತ ಕಥೆ ಇದ್. ನಮ್ಮ ಕೆಂಪು ನಾಯಿಗೆ ಹಂದಿ ತಿವಿದಾಗ ಅರಿಶಿನ ಹಾಕಿದ್ದ್, ಮಾರ್ನೆ ದಿನ ಓಡ್ತ್. ನಿಂಗೆ ಸೀಮೆ ಮದ್ದೇ ಹಿಡಿಯೋಲೆ." ನಕ್ಕ. ಆಮೇಲೆ ಬೆಳ್ಯಪ್ಪನ ಮುಖ ನೋಡಿ ನಗು ನಿಲ್ಲಿಸಿದ. "ಮತ್ತೆ ಎಂತ ಮಾಡ್ದಂತೆ?"

"ಕೀಲು ಕೂಡಿಸೋದಂತೆ. ಮತ್ತೆ ಬಗ್ಗಿಲೆ. ನೋವು ಇರಿಲೆ."

ಗುರುವಪ್ಪ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನೋವು ಇಲ್ಲದೆ ಹೋದ್ರೆ ಮಾಡ್ಸುವ. ನಾ ಬಂದನೆ ನಿನ್ನೊಟ್ಟಿಗೆ. ವರಾಂಡ ನಂಗೆ ಗೊತ್ತುಟ್ಟಲ್ಲ, ಯಾವ ಮೂಲೇಲಿ ಸೊಳ್ಳೆ ಕಮ್ಮಿಂತ." ಸ್ವಲ್ಪ ತಡೆದು, ಗುಟ್ಟು ಹೇಳುವವನಂತೆ, "ನಾಳೆಗೆ ಯೋಚ್ನೆ ಮಾಡ್ಬೇಡ. ಆಚಾರಿ ಹತ್ರ ನಿಂಗೆ ಒಂದ್ ಕುರ್ಚಿ ಮಾಡ್ಸಿಯೆ. ಎತ್ತರದ್. ಹಲಸಿನ ಮರದ್. ಕೂತ್ರೆ ಸೊಂಟ ಮಡಚಿಕೆ ಇಲ್ಲೆ, ನಿಂತಂಗೇ ಕೂರಕ್. ದೀಪದ ಹತ್ರವೇ ಹಾಕ್ಸಿಯೆ. ಇನ್ನ್ ಎಲ್ಲಾ ಹಬ್ಬಕ್ಕೂ ಅದ್ ನಿಂದೇ."

ಬೆಳ್ಯಪ್ಪನಿಗೆ ಸಿಟ್ಟು ಬಂತು. ಯಾಕೆಂದು ಅವನಿಗೇ ತಿಳಿಯಲಿಲ್ಲ. ಎಲ್ಲಾ ಹಬ್ಬಕ್ಕೂ. ಸಾಯುವವರೆಗೆ ದೀಪದ ಪಕ್ಕದಲ್ಲಿ ಒಂದು ಎತ್ತರದ ಹಲಸಿನ ಮರದ ಕುರ್ಚಿ, ಅದರ ಮೇಲೆ ನಿಂತಂತೆ ಕೂತ ತಾನು. ಅವನು ಬಯಸಿದ್ದು ಅದನ್ನೇ ಅಲ್ಲವೇ? ಬಯಸಿದ್ದನ್ನು ಇನ್ನೊಬ್ಬ ಅಳತೆ ತೆಗೆದು ಮಾಡಿಸಿ ತಂದಿಟ್ಟಾಗ ಅದು ಇಷ್ಟು ಹೇಸಿಗೆಯಾಗಿ ಕಾಣಬೇಕೇ? "ಯಾಕೆ ಸುಮ್ಮನೆ ತೊಂದ್ರೆ ತಕ್ಕೊಂಡ್ರಿ" ಎಂದ. ನೀವು ಎಂದು ಅವನು ಬಹುವಚನ ಹಚ್ಚಿದಾಗಲೆಲ್ಲ ಗುರುವಪ್ಪ ಕತ್ತು ತುರಿಸಿಕೊಳ್ಳುತ್ತಿದ್ದ. ಈಗಲೂ ತುರಿಸಿಕೊಂಡ.

ಮನೆಯಲ್ಲಿ ಹೆಂಡತಿ ಕಮಲ ಹಬ್ಬಕ್ಕೆ ಉಡುವ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಅವನು ಹೇಳಿದ. ಕೂಡಿಸುವುದು, ಪ್ಲಾಸ್ಟರು, ಬಗ್ಗದಿರುವುದು. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ಕೇಳಿದಳು. ಕೆಂಡದ ಬಿಸಿಗೆ ಅವಳ ಮುಖ ಕೆಂಪಾಗಿತ್ತು.

"ಮದ್ದು ಹಿಡೀಲಿಲ್ಲೆಂತ ನೀವೇ ಹೇಳಿದ್ದಾ, ಅವ್ರು ನೋಡಿ ಹೇಳಿದ್ದಾ?"

"ನೋವಿನ ವಿಷ್ಯ ನೋಡಿ ಹೇಂಗೆ ಹೇಳ್ದು. ನಾನೇ ಹೇಳಿದ್ದು."

"ಹೂಂ" ಎಂದು ಅವಳು ಮತ್ತೆ ತಿಕ್ಕತೊಡಗಿದಳು.

ಅವಳಿಗೆ ಗೊತ್ತಿತ್ತು. ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಭಾನುವಾರ ಅವಳು ಸಂತೆಗೆ ಹೋಗಿದ್ದಾಳೆಂದುಕೊಂಡು ಅವನು ಹಿತ್ತಲಿನ ಕಾಫಿ ಗಿಡಗಳ ನಡುವೆ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದಿದ್ದ. ಬರೀ ನಡೆಯುವುದು. ಅದರಲ್ಲಿ ಅಂಥ ರುಚಿಯಿದೆಯೆಂದು ಅವನಿಗೆ ಮರೆತೇಹೋಗಿತ್ತು. ಹೆಜ್ಜೆಯ ಮೇಲೆ ಹೆಜ್ಜೆ, ನೆಲ ತಾನಾಗಿ ಬಂದು ಪಾದಕ್ಕೆ ತಾಗುವುದು. ಒಂದು ಗಿಡದ ಬುಡದಲ್ಲಿ ಇರುವೆಗಳ ಸಾಲು ಕಂಡಿತು. ಅದನ್ನು ನೋಡಲು ಅವನು ಕುಕ್ಕುರುಗಾಲಲ್ಲಿ ಕೂತ. ಎರಡು ವರ್ಷ ಪಾಯಿಖಾನೆಯಲ್ಲಿ ನಡುವೆ ಕೊರೆದ ಕುರ್ಚಿಯ ಮೇಲೆ ಕೂತು, ಅದನ್ನು ತೊಳೆಯಲು ಹೆಂಡತಿಗೆ ಬಿಟ್ಟು, ತಲೆ ತಗ್ಗಿಸಿ ಹೊರಬರುತ್ತಿದ್ದವನು, ಮಣ್ಣಿಗೆ ಅಷ್ಟು ಹತ್ತಿರ ಕೂತ. ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ಹೊತ್ತು ಕೂತಿದ್ದ. ತಲೆಯೆತ್ತಿದರೆ ಹಗ್ಗದ ಬಳಿ ಒದ್ದೆ ಬಟ್ಟೆ ಹಿಡಿದು ಕಮಲ ನಿಂತಿದ್ದಳು. ಅವಳು ಬಟ್ಟೆ ಹರವಿ ಒಳಗೆ ಹೋದಳು. ಆದರೆ ಅಂದು ಸಂಜೆಯಿಂದ ಬಿಸಿನೀರಿನ ಚೀಲ ಬರಲಿಲ್ಲ. ದಿನವೂ ದೀಪ ಹಚ್ಚಿದ ಮೇಲೆ ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ, ಟವಲು ಸುತ್ತಿ ಅವನ ಸೊಂಟದ ಕೆಳಗೆ ಇಡುತ್ತಿದ್ದವಳು ಇಡಲಿಲ್ಲ. ಅವನು ಕೇಳಲಿಲ್ಲ. ಕೇಳಿದರೆ ಅವಳು ತಂದಿಡುತ್ತಿದ್ದಳು, ಅದು ಇನ್ನೂ ಕಷ್ಟವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹಬ್ಬದ ಕುಪ್ಪಸವೆಂಬ ನಿಲುವಂಗಿ ತೊಟ್ಟು, ನಡುವಿಗೆ ಕೆಂಪು ಪಟ್ಟಿ ಸುತ್ತಿಕೊಳ್ಳುವಾಗ ಅವನಿಗೆ ಸೊಂಟದೊಳಗೆ ಯಾರೋ ಮೆಲ್ಲನೆ ಬಾಗಿಲು ತಟ್ಟಿದ ಹಾಗಾಯಿತು. ನಿಂತ. ಮತ್ತೊಂದು ಸುತ್ತು ತಿರುಗಿದ. ಮತ್ತೆ ತಟ್ಟಿತು. ಜೀಪು ಬರುವ ಹೊತ್ತಿಗೆ ತಟ್ಟುವುದು ನಿಂತು ತಿರುಪು ತಿರುಗತೊಡಗಿತ್ತು. ಮದ್ದು ಇಳಿದುಹೋಗಿತ್ತು. ಅಬ್ಬಾ, ಬಂತು ಎಂದುಕೊಂಡ. ಇನ್ನು ಅವನು ಸುಳ್ಳುಗಾರನಲ್ಲ. ಆ ನೆಮ್ಮದಿ ಜೀಪಿನ ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ ಇತ್ತು. ಆಮೇಲೆ ಬಂದದ್ದು ಅವನು ಬದುಕಿನಲ್ಲೇ ಕಾಣದಷ್ಟು ಕಹಿಯಾದ ಒಂದು ಸಿಟ್ಟು. ಒಂದು ವಾರ. ಒಂದು ಇಡೀ ವಾರ ನೋವಿಲ್ಲದ ಕಾಲು ಅವನ ಕೈಗೆ ಸಿಕ್ಕಿತ್ತು. ಡಾಕ್ಟರು ಹೇಳಿದ ವ್ಯಾಯಾಮ ಮಾಡಬಹುದಿತ್ತು. ಹೊಳೆಯವರೆಗೆ ನಡೆಯಬಹುದಿತ್ತು. ಕಮಲಳ ಜೊತೆ ಸಂತೆಗೆ ಹೋಗಿ ಚೀಲ ಹೊರಬಹುದಿತ್ತು. ಆ ವಾರವನ್ನೆಲ್ಲ ಅವನು ಕುಂಟುವುದರಲ್ಲಿ ಕಳೆದಿದ್ದ.

"ಇವತ್ತ್ ನಿಜಕ್ಕೂ ನೋವುಟ್ಟು" ಎಂದ, ಪಕ್ಕದಲ್ಲಿ ಕೂತ ಕಮಲಳಿಗೆ ಮಾತ್ರ ಕೇಳುವಂತೆ.

ಅವಳು ರಸ್ತೆಯ ಕಡೆಗೆ ನೋಡುತ್ತಿದ್ದಳು. "ಇರ್ಲಿ" ಎಂದಳು. "ಕುರ್ಚಿ ಹೇಂಗೂ ಮಾಡ್ಸಿಯೊಳಲ್ಲ."

ಐನ್‌ಮನೆಯ ನಡುಮನೆಯಲ್ಲಿ ದೀಪದ ಕೆಳಗೆ ಕೋವಿಗಳನ್ನು ಸಾಲಾಗಿ ಒರಗಿಸಿ, ಒಂದೊಂದರ ನಳಿಗೆಗೂ ಕೆಂಪು ಹಳದಿಯ ಕೋವಿಹೂವು ಸಿಕ್ಕಿಸಿದ್ದರು. ಅದರ ಪಕ್ಕದಲ್ಲಿ ಕುರ್ಚಿ. ಅವನು ಊಹಿಸಿದ್ದಕ್ಕಿಂತ ಎತ್ತರವಾಗಿತ್ತು. ಹೊಸ ಹಲಸಿನ ಮರ, ಇನ್ನೂ ಹಳದಿ, ಕಾಲಿಡಲು ಕೆಳಗೊಂದು ಪಟ್ಟಿ. "ಬಾ, ಕೂತ್ ನೋಡ್" ಎಂದು ಗುರುವಪ್ಪ ಅದರ ಮೇಲೆ ಅಂಗೈ ಆಡಿಸಿದ. ಮನೆಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಗುರುವಪ್ಪನ ಹೆಂಡತಿ ಯಮುನ "ನಮ್ಮ ಮೇಷ್ಟ್ರಿಗೆ ಸಿಂಹಾಸನ" ಎಂದಳು, ಎಲ್ಲರೂ ನಕ್ಕರು. ಬೆಳ್ಯಪ್ಪ ಕೂತ. ಆಚಾರಿ ಒಳ್ಳೆಯ ಕೆಲಸ ಮಾಡಿದ್ದ. ಸೊಂಟ ಮಡಚಲೇ ಇಲ್ಲ. ಅಲ್ಲಿಂದ ಎಲ್ಲರ ತಲೆಗಳೂ ಕೆಳಗೆ ಕಾಣಿಸುತ್ತಿದ್ದವು.

ಪೂಜೆ ಮುಗಿದು ಗುರುವಪ್ಪ ದೀಪಕ್ಕೆ ಬೆನ್ನು ಮಾಡಿ ನಿಂತ. ಒಬ್ಬೊಬ್ಬರಾಗಿ ಬಂದು ಬಗ್ಗಿದರು, ಗಂಧ ಇಡಿಸಿಕೊಂಡು ಕೋವಿ ತೆಗೆದುಕೊಂಡು ಹೋದರು. ದಾಯಾದಿ ಪೂವಯ್ಯ ಬಂದ. ಅವನಿಗೂ ಮಂಡಿ ನೋವು, ಗೊಣಗುತ್ತಲೇ ಬಗ್ಗಿದ. ಬೆಳ್ಯಪ್ಪ ಮೇಲಿನಿಂದ ಬೆನ್ನುಗಳನ್ನು ನೋಡುತ್ತಿದ್ದ. ಪ್ರತಿ ಬೆನ್ನೂ ಬಗ್ಗುವಾಗ ಒಂದು ಕ್ಷಣ ತಡೆಯುತ್ತಿತ್ತು, ಆಮೇಲೆ ಸಡಿಲವಾಗಿ ಇಳಿಯುತ್ತಿತ್ತು. ಅವನು ಎಂದೂ ಇದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಾಗಿಲ ಬಳಿ ಕಮಲ ನಿಂತಿದ್ದಳು. ಅವಳ ಕಣ್ಣು ಅವನ ಮೇಲಿರಲಿಲ್ಲ, ಕುರ್ಚಿಯ ಕಾಲುಗಳ ಮೇಲಿತ್ತು. ಆ ನೋಟದಲ್ಲಿ ಸಿಟ್ಟಿಲ್ಲ, ಛೀಮಾರಿಯಿಲ್ಲ. ಇನ್ನು ಮುಂದೆ ಇದನ್ನೂ ಒರೆಸಿ ಇಡಬೇಕಾದ ಮನೆಯ ಒಂದು ಸಾಮಾನು ಎಂಬಂತೆ ನೋಡುತ್ತಿದ್ದಳು. ಪಾಯಿಖಾನೆಯ ಕುರ್ಚಿಯನ್ನು ನೋಡುತ್ತಿದ್ದದ್ದೂ ಹೀಗೆಯೇ.

ಗುರುವಪ್ಪ ಗಂಧದ ಬಟ್ಟಲು ಹಿಡಿದು ಅವನ ಕಡೆಗೆ ಹೊರಟ. ಬೆಳ್ಯಪ್ಪ ಇಳಿದ.

"ಏಯ್, ಕೂತ್ಕ. ನೀ ಎಂತಕೆ ಇಳ್ದೆ?"

ಅವನು ಊರುಗೋಲನ್ನು ಕುರ್ಚಿಗೆ ಒರಗಿಸಿದ. ಅದು ಜಾರಿ ಬಿತ್ತು. ಅವನು ಬಗ್ಗತೊಡಗಿದ. ಹಿತ್ತಲಿನಲ್ಲಿ ಅಷ್ಟು ಹಗುರವಾಗಿ ಮಡಚಿಕೊಂಡಿದ್ದ ಅದೇ ಕೀಲು ಈಗ ಅರ್ಧದಲ್ಲಿ ಹಿಡಿದುಕೊಂಡಿತು. ತಿರುಪು ಕೊನೆಯವರೆಗೆ ತಿರುಗಿ ಮೂಳೆಗೆ ಕಚ್ಚಿತು. ಕಣ್ಣು ಕತ್ತಲಿಟ್ಟಿತು. ಕೆಳಗೆ ಗುರುವಪ್ಪನ ಪಾದಗಳು ಕಾಣುತ್ತಿದ್ದವು: ಅಗಲವಾದ, ಹೆಬ್ಬೆರಳ ಉಗುರು ಕಪ್ಪಾದ, ಗದ್ದೆಯ ಕೆಸರಿನ ಗೆರೆ ಇನ್ನೂ ಹೋಗದ ಪಾದಗಳು. ಅವನ ಬೆರಳಿಗೂ ಅವಕ್ಕೂ ನಡುವೆ ಒಂದು ಮೊಳ ದೂರ. ಕೆಳಗೆ ಹೋಗಲೂ ಆಗಲಿಲ್ಲ, ಮೇಲೇಳಲೂ ಆಗಲಿಲ್ಲ. ಎರಡು ವರ್ಷ ಯಾರೂ ಬಗ್ಗಲು ಹೇಳದ ದಿನಗಳಲ್ಲಿ, ಈ ಒಂದು ವಾರ ಬಗ್ಗಲು ಆಗುತ್ತಿದ್ದ ದಿನಗಳಲ್ಲಿ ಬಗ್ಗದವನು, ಬಗ್ಗಲು ಆಗದ ಈ ಹೊತ್ತಿನಲ್ಲಿ ಮನೆಯವರೆಲ್ಲರ ಎದುರು ತುಂಡು ಮಾಡಿದ ಬಾಳೆಗಿಡದಂತೆ ಅರ್ಧಕ್ಕೆ ನಿಂತಿದ್ದ. "ಹೇಳಿದ್ದಲ್ಲ, ಬೇಡಾಂತ ಹೇಳಿದ್ದಲ್ಲ" ಎಂದು ಪೂವಯ್ಯ ಹಿಂದಿನಿಂದ ಅನ್ನುತ್ತಿದ್ದ. ಬಾಗಿಲ ಬಳಿಯಿಂದ ಕಮಲ ಒಂದು ಹೆಜ್ಜೆ ಮುಂದೆ ಬಂದದ್ದು ಅವನಿಗೆ ಸೀರೆಯ ಅಂಚಿನಿಂದ ಗೊತ್ತಾಯಿತು.

ಆಗ ಒಂದು ಪಾದ ನೆಲ ಬಿಟ್ಟು ಮೇಲಕ್ಕೆ ಬಂತು.

ಗುರುವಪ್ಪ ಒಂದು ಕೈಯಲ್ಲಿ ಗಂಧದ ಬಟ್ಟಲು, ಇನ್ನೊಂದು ಕೈಯಲ್ಲಿ ಹೊಸ ಕುರ್ಚಿಯ ಬೆನ್ನು ಹಿಡಿದು, ಒಂಟಿಕಾಲಲ್ಲಿ ನಿಂತು, ಬಲಗಾಲನ್ನು ಮಡಚಿ ಅವನ ಬೆರಳುಗಳವರೆಗೆ ಎತ್ತಿ ತಂದಿದ್ದ. ಹಿರಿಯರ ದೀಪದ ಮುಂದೆ ಯಾರೂ ಯಾರ ಕಡೆಗೂ ಹಾಗೆ ಕಾಲೆತ್ತುವುದಿಲ್ಲ. ಹೆಂಗಸರಲ್ಲಿ ಯಾರೋ "ಅಯ್ಯೋ ಶಿವನೆ" ಎಂದರು. ಗುರುವಪ್ಪನ ಮುಖ ಕೆಂಪಾಗಿತ್ತು, ಅವನು ವಾಲುತ್ತಿದ್ದ.

"ಬೇಗ ಹಿಡಿ ಮಾರಾಯ" ಎಂದ ಪಿಸುದನಿಯಲ್ಲಿ. "ಬಿದ್ದನೆ ಈಗ."

ಬೆಳ್ಯಪ್ಪ ಹಿಡಿದ. ಮುಟ್ಟಿ ಹಣೆಗೆ ತಾಗಿಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಪಾದವನ್ನು ಹಿಡಿದ. ಹಿಡಿದದ್ದೇ ಅವನ ಕೈಗೆ ಅದರ ಪರಿಚಯವಾಯಿತು. ನೆಲ್ಯಹುದಿಕೇರಿಯ ಇಳಿಜಾರಿನಲ್ಲಿ, ಹೆದರಿ ಪೆಡಲು ಬಿಟ್ಟು ಜೋತಾಡುತ್ತಿದ್ದ ಇದೇ ಪಾದವನ್ನು ಇದೇ ರೀತಿ ಹಿಡಿದು ಮತ್ತೆ ಮತ್ತೆ ಪೆಡಲಿನ ಮೇಲೆ ಇಟ್ಟಿದ್ದ. ಆಗಲೂ ಅವನು ಬಗ್ಗಿಯೇ ಇದ್ದ. ಆಗಲೂ ಮೇಲಿನಿಂದ ಇದೇ ದನಿ "ಬಿದ್ದನೆ, ಬಿದ್ದನೆ" ಎನ್ನುತ್ತಿತ್ತು.

"ಮೂರ್ ಸಲ ಆಕಾ?" ಎಂದು ಗುರುವಪ್ಪ ಕೇಳಿದ.

"ಸಾಕು ಚಿಕ್ಕಪ್ಪ" ಎಂದ ಬೆಳ್ಯಪ್ಪ. "ನನ್ನ ಎತ್ತಿ."

ಇಬ್ಬರು ಮೂವರು ಸೇರಿ ಅವನನ್ನು ನೇರ ಮಾಡಿ ಜಗಲಿಗೆ ಕರೆತಂದರು. ಅವನು ಕುರ್ಚಿ ಬೇಡವೆಂದ. ಜಗಲಿಯ ಗೋಡೆಗೆ ಒರಗಿ ನಿಂತೇ ಇದ್ದ. ಹಣೆಯ ಬೆವರಿನಲ್ಲಿ ಗಂಧ ಇಳಿಯುತ್ತಿತ್ತು. ಅಂಗಳದಲ್ಲಿ ಆಗಲೇ ಕಾಯಿ ಕಟ್ಟಲು ಮರ ಯಾವುದೆಂದು ಜಗಳ ಶುರುವಾಗಿತ್ತು, ಗುರುವಪ್ಪನ ದನಿ ಎಲ್ಲರಿಗಿಂತ ಮೇಲಿತ್ತು. ಒಳಗಿನಿಂದ ಕಮಲ ಬಂದಳು. ಅವಳ ಕೈಯಲ್ಲಿ ಬಿಸಿನೀರಿನ ಚೀಲ ಇರಲಿಲ್ಲ, ಅದು ಸುಂಟಿಕೊಪ್ಪದ ಮನೆಯಲ್ಲೇ ಉಳಿದಿತ್ತು. ಒಂದು ದೊಡ್ಡ ಔಷಧಿ ಬಾಟಲಿಗೆ ಬಿಸಿನೀರು ತುಂಬಿ, ಯಾರದೋ ಶಾಲು ಸುತ್ತಿ ತಂದಿದ್ದಳು. ಅದನ್ನು ಅವನ ಸೊಂಟಕ್ಕೂ ಗೋಡೆಗೂ ನಡುವೆ ಇಟ್ಟು, ಜಾರದಂತೆ ತಾನೇ ಒತ್ತಿ ಹಿಡಿದು ನಿಂತಳು.

"ಸೋಮವಾರ ಎಂತ ಹೇಳ್ವಿರಿ ಅವ್ರಿಗೆ?" ಎಂದಳು, ಅಂಗಳದ ಕಡೆಗೆ ನೋಡುತ್ತ.

ನೋವು ಅಲೆಯಂತೆ ಬಂದು ಹೋಗುತ್ತಿತ್ತು. ಇನ್ನೊಂದು ಸೂಜಿಗೆ ಇನ್ನೆಷ್ಟು ದಿನ ಕಾಯಿಸುತ್ತಾರೋ. ಅದೂ ಒಂದು ವಾರವೇ ಇರಬಹುದು. ಅದಕ್ಕಿಂತ ಕಡಿಮೆಯೂ ಇರಬಹುದು. ಮುಂದಿನ ಹಬ್ಬಕ್ಕೆ ಮತ್ತೆ ಆ ಪಾದಗಳು, ಆ ಕೈಯ ತೂಕ. ಯಾವುದೂ ಹೋಗಿರಲಿಲ್ಲ.

"ಮದ್ದು ಹಿಡ್ದಿತ್ತ್‌ಂತ ಹೇಳ್ನೆ" ಎಂದ.

ಕಮಲ ಬಾಟಲಿಯನ್ನು ಸ್ವಲ್ಪ ಕೆಳಕ್ಕೆ, ನೋವಿದ್ದ ಜಾಗಕ್ಕೆ ಸರಿಯಾಗಿ ಸರಿಸಿದಳು. ಅಂಗಳದಲ್ಲಿ ಮೊದಲ ಗುಂಡು ಹಾರಿತು. ಕಾಯಿಗೆ ತಾಗಲಿಲ್ಲ.